ವಿವಾದದ ಪಾಠ ಎಲ್ಲ ಮಕ್ಕಳಿಗೂ: ಏನನ್ನು ಸರಳಗೊಳಿಸಬೇಕು, ಏನನ್ನು ಸರಳಗೊಳಿಸಬಾರದು?

ಪ್ರಶ್ನೆ: ನಾನು ಎಂಟನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುವ ಶಿಕ್ಷಕಿ. ನನ್ನ ತರಗತಿಯಲ್ಲಿ ಡಿಸ್ಲೆಕ್ಸಿಯಾ (ಓದು ಬರಹದಲ್ಲಿನ ತೊಡಕು) ಇರುವ ಇಬ್ಬರು, ಆಟಿಸಂ ಇರುವ ಒಬ್ಬ ಹುಡುಗ, ಎಡಿಎಚ್‌ಡಿ (ಗಮನ ನಿಲ್ಲಿಸಲು ಕಷ್ಟ, ಅತಿ ಚಡಪಡಿಕೆ) ಇರುವ ಇನ್ನೊಬ್ಬ, ಸಂಜ್ಞಾ ಭಾಷೆ ಬಳಸುವ ಒಬ್ಬ ಹುಡುಗಿ, ಮತ್ತು ಬೌದ್ಧಿಕ ಅಸಾಮರ್ಥ್ಯವಿದ್ದು ಚಿತ್ರಫಲಕದ ಮೇಲೆ ಬೆರಳಿಟ್ಟು ಮಾತನಾಡುವ ಇನ್ನೊಬ್ಬ ಹುಡುಗಿ ಇದ್ದಾರೆ. ಜನರಲ್ಲಿ ಒಮ್ಮತವಿಲ್ಲದ ವಿಷಯಗಳನ್ನು ಚರ್ಚಿಸುವ ದಿನ ಈ ಆರು ಮಂದಿಗೆ ನಕ್ಷೆ ಬಿಡಿಸುವಂಥ ಸುಲಭದ ಕೆಲಸ ಕೊಟ್ಟು ಪಕ್ಕಕ್ಕೆ ಕೂರಿಸುತ್ತಿದ್ದೇನೆ. ಚರ್ಚೆಗೆ ಕರೆದರೆ ಗೊಂದಲಕ್ಕೆ ಬೀಳುತ್ತಾರೆ, ಇಲ್ಲವೇ ಆತಂಕಗೊಳ್ಳುತ್ತಾರೆ ಎಂಬ ಭಯ ನನ್ನದು. ಇದು ಸರಿಯೇ? ಸರಿಯಲ್ಲದಿದ್ದರೆ ಎಲ್ಲಿಂದ ಆರಂಭಿಸಲಿ? ಮಕ್ಕಳು ನನ್ನ ಅಭಿಪ್ರಾಯವನ್ನೇ ಕೇಳಿದರೆ ಏನು ಹೇಳಲಿ?

ಉತ್ತರ: ನೀವು ಮಾಡುತ್ತಿರುವುದನ್ನು ಮುಚ್ಚಿಡದೆ ಬರೆದಿದ್ದೀರಿ, ಅದಕ್ಕೆ ಮೊದಲು ಕೃತಜ್ಞತೆ. ಚರ್ಚೆಯ ದಿನ ಕೆಲವು ಮಕ್ಕಳ ಕೈಗೆ ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸುವ ರೂಢಿ ಅನೇಕ ತರಗತಿಗಳಲ್ಲಿದೆ, ಆದರೆ ಅದನ್ನು ಪ್ರಶ್ನೆಯಾಗಿ ಎತ್ತುವವರು ಕಡಿಮೆ. ನೇರವಾಗಿ ಹೇಳುವುದಾದರೆ ಅದು ಸರಿಯಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನ್ನ ಅಭಿಪ್ರಾಯವನ್ನು ರೂಪಿಸಿಕೊಳ್ಳಬಲ್ಲ ಮಗುವಿಗೆ ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅದನ್ನು ವ್ಯಕ್ತಪಡಿಸುವ ಹಕ್ಕನ್ನು ಕೊಡುತ್ತದೆ. 2006ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ 7ನೇ ವಿಧಿಯ ಪ್ರಕಾರ, ಆ ಹಕ್ಕನ್ನು ಚಲಾಯಿಸಲು ಮಗುವಿನ ವಯಸ್ಸಿಗೂ ಅಂಗವೈಕಲ್ಯಕ್ಕೂ ತಕ್ಕ ನೆರವು ಸಿಗಬೇಕು. ಅಂದರೆ ಮಗು ಚರ್ಚೆಗೆ ಸಿದ್ಧವಿದೆಯೇ ಎಂದು ಕೇಳುವುದಕ್ಕಿಂತ ಮೊದಲು, ನಮ್ಮ ಚರ್ಚೆ ಆ ಮಗುವಿಗೆ ಸಿದ್ಧವಾಗಿದೆಯೇ ಎಂದು ಕೇಳಿಕೊಳ್ಳಬೇಕಾಗುತ್ತದೆ. ಹಾಗೆಂದು ಹಕ್ಕಿನ ಮಾತು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಿಮ್ಮ ಭಯಕ್ಕೂ ಆಧಾರವಿಲ್ಲದಿಲ್ಲ. ಸಿದ್ಧತೆಯಿಲ್ಲದೆ ನಡೆಸಿದ ಚರ್ಚೆ ಯಾವ ಮಗುವಿಗೂ ಒಳ್ಳೆಯದಲ್ಲ, ಈ ಮಕ್ಕಳಿಗೆ ಅದರ ಪೆಟ್ಟು ಹೆಚ್ಚು ಬೀಳುತ್ತದೆ, ಅಷ್ಟೇ.

ಮೊದಲು ‘ಸರಳಗೊಳಿಸುವುದು’ ಎಂಬ ಮಾತನ್ನೇ ನೋಡೋಣ, ಏಕೆಂದರೆ ಒಳ್ಳೆಯ ಮನಸ್ಸಿನ ಶಿಕ್ಷಕರು ಎಡವುವುದು ಹೆಚ್ಚಾಗಿ ಇಲ್ಲಿಯೇ. ದೊಡ್ಡ ಅಣೆಕಟ್ಟುಗಳ ಪಾಠವನ್ನು ನಿಧಾನವಾಗಿ ಓದುವ ಮಗುವಿಗೆಂದು ನಾವು ಹೀಗೆ ಬರೆಯುತ್ತೇವೆ: ‘ನದಿಗೆ ಅಣೆಕಟ್ಟು ಕಟ್ಟಿದರು. ಹೊಲಗಳಿಗೆ ನೀರು ಬಂತು. ಮನೆಗಳಿಗೆ ವಿದ್ಯುತ್ ಬಂತು. ಜನರಿಗೆ ಸಂತೋಷವಾಯಿತು.’ ವಾಕ್ಯಗಳು ಚಿಕ್ಕವಾದವು, ನಿಜ. ಆದರೆ ವಾಕ್ಯಗಳನ್ನು ಚಿಕ್ಕದು ಮಾಡುವ ಭರದಲ್ಲಿ ಮೊದಲು ಬಿದ್ದುಹೋದದ್ದು ‘ಆದರೆ’ ಎಂಬ ಪದ, ಅದರ ಜೊತೆಗೆ ಮುಳುಗಡೆಯಾದ ಹಳ್ಳಿಗಳು. ಉಳಿದದ್ದು ಪಾಠವಲ್ಲ, ಜಾಹೀರಾತು. ಅದೇ ಅಳತೆಯ ವಾಕ್ಯಗಳಲ್ಲಿ ಇದನ್ನೂ ಬರೆಯಬಹುದು: ‘ನದಿಗೆ ಅಣೆಕಟ್ಟು ಕಟ್ಟಿದರು. ಕೆಳಗಿನ ಹೊಲಗಳಿಗೆ ನೀರು ಬಂತು. ಮೇಲಿನ ಹಳ್ಳಿಗಳು ಮುಳುಗಿದವು. ಅಲ್ಲಿದ್ದವರು ಮನೆ ಬಿಟ್ಟು ಹೋದರು. ಕಟ್ಟಿದ್ದು ಸರಿ ಎಂದು ಕೆಲವರು ಹೇಳಿದರು. ಕಟ್ಟಿದ್ದು ತಪ್ಪು ಎಂದು ಕೆಲವರು ಹೇಳಿದರು.’ ಇಲ್ಲಿಯೂ ಒಂದು ವಾಕ್ಯಕ್ಕೆ ಮೂರರಿಂದ ಐದು ಪದಗಳೇ ಇವೆ, ಆದರೆ ವಿವಾದ ಇದ್ದ ಜಾಗದಲ್ಲೇ ಇದೆ. ನನ್ನ ಇಡೀ ಉತ್ತರದ ತಿರುಳು ಇದೇ. ಭಾಷೆಯನ್ನು ಎಷ್ಟು ಬೇಕಾದರೂ ಸರಳಗೊಳಿಸಿ. ಜನರ ನಡುವಿನ ಭಿನ್ನಾಭಿಪ್ರಾಯವನ್ನು ಅಳಿಸಬೇಡಿ. ಓದುವ ಮಟ್ಟ ಬೇರೆ, ಯೋಚಿಸುವ ಮಟ್ಟ ಬೇರೆ. ತನಗೆ ಸಿಗಬೇಕಾದದ್ದು ಇನ್ನೊಬ್ಬನಿಗೆ ಸಿಕ್ಕಿದಾಗ ‘ಇದು ಅನ್ಯಾಯ’ ಎಂದು ಮುಖ ಊದಿಸುವ ಮಗುವಿಗೆ ನ್ಯಾಯದ ಪ್ರಶ್ನೆ ಅರ್ಥವಾಗುವುದಿಲ್ಲ ಎಂದು ನಾವು ಹೇಗೆ ತೀರ್ಮಾನಿಸುತ್ತೇವೋ ನನಗೆ ತಿಳಿಯದು.

ಇನ್ನು ವಿಷಯದ ಆಯ್ಕೆ. ಕಾವೇರಿದ ವಾದ ನಡೆಯುವ ಎಲ್ಲವೂ ನಿಜವಾದ ಅರ್ಥದಲ್ಲಿ ವಿವಾದಾತ್ಮಕವಲ್ಲ. ಯಹೂದಿಗಳ ನರಮೇಧ ನಡೆಯಿತೇ ಎಂಬುದು, ಈಗಿನ ಭೂತಾಪದ ಏರಿಕೆಗೆ ಮನುಷ್ಯರ ಚಟುವಟಿಕೆ ಕಾರಣವೇ ಎಂಬುದು ಪುರಾವೆಯಿಂದ ತೀರ್ಮಾನವಾಗಿರುವ ಪ್ರಶ್ನೆಗಳು. ಅವನ್ನು ‘ಎರಡು ಕಡೆಯ ವಾದ’ವಾಗಿ ಕಲಿಸುವುದು ತಪ್ಪು. ಭೂತಾಪವನ್ನು ತಗ್ಗಿಸಲು ತೆರಿಗೆ ಹಾಕಬೇಕೇ, ಅದರ ಭಾರವನ್ನು ಯಾರು ಹೊರಬೇಕು ಎಂಬುದು ತೆರೆದ ಪ್ರಶ್ನೆ, ಏಕೆಂದರೆ ಅಲ್ಲಿ ವಿವೇಕಿಗಳು ತಮ್ಮ ತಮ್ಮ ಮೌಲ್ಯಗಳಿಗೆ ಅನುಗುಣವಾಗಿ ಭಿನ್ನ ಉತ್ತರಗಳಿಗೆ ಬರಬಲ್ಲರು. ಈ ಗೆರೆಯನ್ನು ಎಲ್ಲ ಮಕ್ಕಳಿಗೂ ಎಳೆದು ತೋರಿಸಬೇಕು. ಹೇಳಿದ್ದನ್ನು ಅಕ್ಷರಶಃ ತೆಗೆದುಕೊಳ್ಳುವ ಮಗುವಿಗಂತೂ ಇನ್ನೂ ಸ್ಪಷ್ಟವಾಗಿ ತೋರಿಸಬೇಕು: ‘ಎಲ್ಲಕ್ಕೂ ಎರಡು ಮುಖಗಳಿವೆ’ ಎಂದು ನೀವು ಒಮ್ಮೆ ಆಡಿದ ಮಾತನ್ನು ಅದು ನಿಯಮವಾಗಿ ಹಿಡಿದಿಟ್ಟುಕೊಂಡು ಮರುದಿನ ನರಮೇಧಕ್ಕೂ ಅನ್ವಯಿಸಬಹುದು. ಅಂತೆಯೇ ತರಗತಿಯಲ್ಲಿ ಕುಳಿತಿರುವ ಯಾವ ಮಗುವಿನ ಮನುಷ್ಯತ್ವವೂ ಚರ್ಚೆಯ ವಸ್ತುವಾಗಬಾರದು. ‘ಇಂಥ ಮಕ್ಕಳು ಸಾಮಾನ್ಯ ಶಾಲೆಗೆ ಬರಬೇಕೇ’ ಎಂಬ ಚರ್ಚಾಸ್ಪರ್ಧೆಯನ್ನು ಅಂಥ ಮಗುವಿನ ಎದುರೇ ನಡೆಸಿದ್ದನ್ನು ನಾನು ನೋಡಿದ್ದೇನೆ. ಸಂಘಟಿಸಿದವರಿಗೆ ಅದು ಒಳಗೊಳ್ಳುವಿಕೆಯ ಕಾರ್ಯಕ್ರಮವಾಗಿತ್ತು.

ಜರ್ಮನಿಯ ಬೊಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ 1976ರಲ್ಲಿ ನಡೆದ ರಾಜಕೀಯ ಶಿಕ್ಷಣ ತಜ್ಞರ ಸಭೆಯಿಂದ ಹೊರಬಂದ ಮೂರು ಸೂತ್ರಗಳು ಈ ಕ್ಷೇತ್ರದಲ್ಲಿ ಇಂದಿಗೂ ಬಳಕೆಯಲ್ಲಿವೆ. ಶಿಕ್ಷಕರು ತಮ್ಮ ಅಭಿಪ್ರಾಯವನ್ನು ವಿದ್ಯಾರ್ಥಿಗಳ ಮೇಲೆ ಹೇರಬಾರದು. ಸಮಾಜದಲ್ಲಿಯೂ ವಿದ್ವತ್ತಿನಲ್ಲಿಯೂ ವಿವಾದವಾಗಿರುವುದನ್ನು ತರಗತಿಯಲ್ಲಿಯೂ ವಿವಾದವಾಗಿಯೇ ತೋರಿಸಬೇಕು. ವಿದ್ಯಾರ್ಥಿಯು ಆ ಸನ್ನಿವೇಶದಲ್ಲಿ ತನ್ನ ಹಿತವೇನು ಎಂಬುದನ್ನು ತಾನೇ ವಿಶ್ಲೇಷಿಸುವಷ್ಟು ಶಕ್ತನಾಗಬೇಕು. ಮೊದಲ ಎರಡನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ನಿಮ್ಮ ಆರು ಮಕ್ಕಳಿಗೆ ಬೇಕಾದದ್ದು ಮೂರನೆಯದು. ತಮ್ಮ ಬದುಕಿನ ನಿರ್ಧಾರಗಳನ್ನು ಬೇರೆಯವರೇ ತೆಗೆದುಕೊಳ್ಳುವ ಪರಿಸ್ಥಿತಿ ಅವರಿಗೆ ಉಳಿದವರಿಗಿಂತ ಹೆಚ್ಚು ಎದುರಾಗುತ್ತದೆ. ‘ನನಗೆ ಇದರಿಂದ ಏನಾಗುತ್ತದೆ’ ಎಂದು ಕೇಳುವ ಅಭ್ಯಾಸ ಅವರಿಗೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎಲ್ಲಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಮತದಾನದ ವಯಸ್ಸು 16 ಆಗಬೇಕೇ, 18 ಆಗಬೇಕೇ ಎಂಬ ಪ್ರಶ್ನೆಯಿಂದ ಆರಂಭಿಸಿ. ಅದು ನಿಜವಾಗಿ ತೆರೆದ ಪ್ರಶ್ನೆ: ಬ್ರೆಜಿಲ್‌ನ 1988ರ ಸಂವಿಧಾನ 16 ಮತ್ತು 17 ವಯಸ್ಸಿನವರಿಗೆ ಮತದಾನವನ್ನು ಐಚ್ಛಿಕವಾಗಿ ಕೊಟ್ಟಿತು, ಆಸ್ಟ್ರಿಯಾ 2007ರಲ್ಲಿ ವಯಸ್ಸನ್ನು 16ಕ್ಕೆ ಇಳಿಸಿತು, ಸ್ಕಾಟ್ಲೆಂಡ್‌ನಲ್ಲಿ 2014ರ ಸ್ವಾತಂತ್ರ್ಯದ ಜನಮತಗಣನೆಯಲ್ಲಿ 16 ತುಂಬಿದವರು ಮತ ಹಾಕಿದರು, ಜಗತ್ತಿನ ಬಹುಪಾಲು ದೇಶಗಳು 18ರಲ್ಲೇ ನಿಂತಿವೆ. ಅಮೆರಿಕದಲ್ಲಿ 1971ರಲ್ಲಿ ವಯಸ್ಸು 21ರಿಂದ 18ಕ್ಕೆ ಇಳಿದಾಗ, ಯುದ್ಧಕ್ಕೆ ಹೋಗುವ ವಯಸ್ಸಿನವನಿಗೆ ಮತ ಏಕಿಲ್ಲ ಎಂಬ ವಾದ ಬಹಳ ಕೆಲಸ ಮಾಡಿತ್ತು. ಎರಡೂ ಪಕ್ಷಗಳಿಗೆ ಗಟ್ಟಿಯಾದ ಕಾರಣಗಳಿವೆ, ಮಕ್ಕಳಿಗೆ ತಮ್ಮದೇ ಅನುಭವವಿದೆ, ಯಾರ ಮನೆಯ ಗಾಯವನ್ನೂ ಅದು ಕೆದಕುವುದಿಲ್ಲ. ಯುದ್ಧ, ವಲಸೆ, ಧರ್ಮಗಳ ನಡುವಿನ ಘರ್ಷಣೆ ಮುಂತಾದ ಬಿಸಿ ವಿಷಯಗಳನ್ನು ಈ ರೀತಿ ರೂಢಿಯಾದ ಮೇಲೆ ಎತ್ತಿಕೊಳ್ಳಬಹುದು.

ಚರ್ಚೆಯ ಹಿಂದಿನ ದಿನಗಳ ಕೆಲಸವೇ ಮುಕ್ಕಾಲು ಕೆಲಸ. ಚಿತ್ರಫಲಕ ಬಳಸುವ ಹುಡುಗಿಯ ಫಲಕವನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಊಟ, ನೀರು, ಶೌಚಾಲಯ, ಆಟ, ನೋವು, ಸಂತೋಷ ಇವೆಲ್ಲ ಇರುತ್ತವೆ. ‘ಒಪ್ಪುತ್ತೇನೆ’, ‘ಒಪ್ಪುವುದಿಲ್ಲ’, ‘ಏಕೆ’, ‘ಅನ್ಯಾಯ’, ‘ನನಗೆ ಇನ್ನೂ ಗೊತ್ತಿಲ್ಲ’, ‘ಮನಸ್ಸು ಬದಲಾಯಿತು’ ಇವು ಇವೆಯೇ? ಬಹಳ ಸಲ ಇರುವುದಿಲ್ಲ. ವಾದಿಸುವ ಪದಗಳನ್ನೇ ಕೊಡದೆ ಈ ಮಗುವಿಗೆ ಅಭಿಪ್ರಾಯವಿಲ್ಲ ಎಂದು ನಾವು ಬರೆದುಬಿಡುತ್ತೇವೆ. ಆ ಚಿತ್ರಗಳನ್ನು ಸೇರಿಸಿ, ಒಂದು ವಾರ ಮೊದಲೇ ದಿನನಿತ್ಯದ ಚಿಕ್ಕ ವಿಷಯಗಳಲ್ಲಿ ಬಳಸಿ ರೂಢಿ ಮಾಡಿಸಿ. ನೀವು ಮಾತನಾಡುವಾಗ ನೀವೂ ಫಲಕದ ಮೇಲೆ ಬೆರಳಿಟ್ಟು ತೋರಿಸಿ, ಏಕೆಂದರೆ ಬೇರೆಯವರು ಬಳಸುವುದನ್ನು ಕಾಣದ ಭಾಷೆಯನ್ನು ಯಾವ ಮಗುವೂ ಕಲಿಯಲಾರದು. ಸಂಜ್ಞಾ ಭಾಷೆಯ ವಿದ್ಯಾರ್ಥಿನಿಯ ವಿಷಯದಲ್ಲಿಯೂ ಇದೇ ಮಾತು. ‘ಜನಮತಗಣನೆ’, ‘ಬಹುಮತ’, ‘ಅಲ್ಪಸಂಖ್ಯಾತ’ ಎಂಬ ಪದಗಳಿಗೆ ಯಾವ ಸಂಜ್ಞೆ ಬಳಸುವುದೆಂದು ದುಭಾಷಿಯೊಂದಿಗೂ ಆಕೆಯೊಂದಿಗೂ ಮೊದಲೇ ನಿರ್ಧರಿಸಿಕೊಳ್ಳಿ, ಇಲ್ಲವಾದರೆ ಚರ್ಚೆಯ ಮಧ್ಯೆ ದುಭಾಷಿ ಬೆರಳಕ್ಷರದಲ್ಲಿ ಪದ ಕಟ್ಟುತ್ತಿರುವಾಗ ವಾದ ಎರಡು ಹೆಜ್ಜೆ ಮುಂದೆ ಹೋಗಿರುತ್ತದೆ.

ಡಿಸ್ಲೆಕ್ಸಿಯಾ ಇರುವವರ ವಿಷಯ ಹೋಲಿಕೆಯಲ್ಲಿ ಸುಲಭ: ಓದಬೇಕಾದ್ದನ್ನು ಧ್ವನಿಮುದ್ರಣವಾಗಿಯೂ ಕೊಡಿ, ಎಲ್ಲರೆದುರು ಗಟ್ಟಿಯಾಗಿ ಓದಿಸಬೇಡಿ, ಉತ್ತರವನ್ನು ಬಾಯಿಮಾತಿನಲ್ಲಿ ಹೇಳಲು ಬಿಡಿ. ಇಷ್ಟು ಮಾಡಿದರೆ ತರಗತಿಯ ಅತ್ಯಂತ ಚುರುಕಾದ ವಾದ ಅವರಿಂದಲೇ ಬರುವುದು ಅಪರೂಪವಲ್ಲ.

ಆಟಿಸಂ ಇರುವ ಹುಡುಗನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು, ಏಕೆಂದರೆ ತಪ್ಪು ಕಲ್ಪನೆಗಳು ಇಲ್ಲಿ ಹೆಚ್ಚು. ಆಟಿಸಂ ಇರುವವರಿಗೆ ಇನ್ನೊಬ್ಬರ ದೃಷ್ಟಿಕೋನ ಅರ್ಥವಾಗುವುದಿಲ್ಲ, ಆದ್ದರಿಂದ ಇಂಥ ಪಾಠ ಅವರಿಗಲ್ಲ ಎಂಬ ಮಾತನ್ನು ತರಬೇತಿಗಳಲ್ಲಿ ಇಂದಿಗೂ ಕೇಳುತ್ತೇವೆ. ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಇದಕ್ಕೆ ಉತ್ತರ ಕೊಟ್ಟರು: ಅರ್ಥವಾಗದಿರುವುದು ಎರಡೂ ಕಡೆಯಿಂದ, ಅವರಿಗೆ ನಾವು ಅರ್ಥವಾಗದಿರುವಷ್ಟೇ ನಮಗೂ ಅವರು ಅರ್ಥವಾಗುವುದಿಲ್ಲ. ನನ್ನ ಅನುಭವದಲ್ಲಿ ಇಂಥ ಮಕ್ಕಳಲ್ಲಿ ಹಲವರಿಗೆ ನ್ಯಾಯ ಅನ್ಯಾಯದ ಪ್ರಜ್ಞೆ ಎಷ್ಟು ತೀವ್ರವಾಗಿರುತ್ತದೆ ಎಂದರೆ, ಉಳಿದವರು ಗಂಟೆ ಬಾರಿಸಿದ ಕೂಡಲೇ ಮರೆಯುವ ಅನ್ಯಾಯವನ್ನು ಅವರು ಮೂರು ದಿನ ಹೊತ್ತು ತಿರುಗುತ್ತಾರೆ. ಅವರಿಗೆ ಕಷ್ಟವಾಗುವುದು ಅನಿಶ್ಚಿತತೆ: ಚರ್ಚೆ ಯಾವಾಗ ಆರಂಭ, ಯಾರು ಮೊದಲು, ಎಷ್ಟು ಹೊತ್ತು, ಜೋರು ಧ್ವನಿ ಬಂದರೆ ಏನು ಮಾಡುವುದು, ಕೊನೆಯಲ್ಲಿ ‘ಸರಿಯುತ್ತರ’ ಇಲ್ಲದಿದ್ದರೆ ಅದು ಮುಗಿದಂತೆಯೋ ಇಲ್ಲವೋ. ಇವೆಲ್ಲವನ್ನೂ ಹಿಂದಿನ ದಿನವೇ ಬರೆದು ಕೊಡಿ. ‘ನಾಳಿನ ಪಾಠದ ಕೊನೆಯಲ್ಲಿ ಒಂದೇ ಉತ್ತರ ಇರುವುದಿಲ್ಲ, ಅದು ತಪ್ಪಲ್ಲ, ಪಾಠ ಇರುವುದೇ ಹಾಗೆ’ ಎಂಬ ಒಂದು ವಾಕ್ಯ ಅರ್ಧ ಆತಂಕವನ್ನು ಕಡಿಮೆ ಮಾಡುತ್ತದೆ. ಎದ್ದು ಹೊರಗೆ ಹೋಗಲು ಒಂದು ಕಾರ್ಡ್ ಇರಲಿ, ಅದನ್ನು ತೋರಿಸಿದಾಗ ಕಾರಣ ಕೇಳಬೇಡಿ.

ಇನ್ನೊಂದು ತೊಡಕು, ತಾನು ನಂಬದ ಪಕ್ಷವನ್ನು ವಾದಿಸು ಎಂದಾಗ ಬರುತ್ತದೆ. ಕೆಲವು ಮಕ್ಕಳಿಗೆ ಅದು ಸುಳ್ಳು ಹೇಳಿದಂತೆ. ಹಲವು ವರ್ಷಗಳ ಹಿಂದೆ ನಾನೇ ಒಬ್ಬ ಹುಡುಗನಿಗೆ, ಬಾಲಕಾರ್ಮಿಕ ಪದ್ಧತಿಯನ್ನು ಸಮರ್ಥಿಸುವ ಕಾರ್ಖಾನೆ ಮಾಲೀಕನ ಪಾತ್ರ ಕೊಟ್ಟಿದ್ದೆ. ಅವನು ಮಾತಾಡಲಿಲ್ಲ, ಹಾಳೆಯನ್ನು ಮಡಿಸಿ, ಇನ್ನೂ ಮಡಿಸಿ, ಬಾಯಿಗೆ ತುರುಕಿಕೊಂಡ. ಅವನಿಗೆ ಸೂಚನೆ ಅರ್ಥವಾಗಿಲ್ಲ ಎಂದು ನಾನು ಮತ್ತೊಮ್ಮೆ, ಇನ್ನೂ ಜೋರಾಗಿ ವಿವರಿಸಿದೆ. ನಾನು ಹೇಳಿದ್ದು ಅವನಿಗೆ ಸರಿಯಾಗಿಯೇ ಅರ್ಥವಾಗಿತ್ತು; ಕೆಟ್ಟದ್ದು ಎಂದು ತಾನು ತಿಳಿದದ್ದನ್ನು ಒಳ್ಳೆಯದು ಎಂದು ಹೇಳಲು ಅವನ ಬಾಯಿ ಬರಲಿಲ್ಲ. ಈಗ ನಾನು ಪಾತ್ರದ ಬದಲು ವರದಿ ಕೇಳುತ್ತೇನೆ: ‘ಹೀಗೆ ನಂಬುವವರು ಕೊಡುವ ಕಾರಣಗಳೇನು? ಅವನ್ನು ಸುದ್ದಿ ಓದುವವರಂತೆ ನಮಗೆ ತಿಳಿಸು.’ ಬೌದ್ಧಿಕವಾಗಿ ಕೆಲಸ ಅದೇ, ಮನಸ್ಸಾಕ್ಷಿಗೆ ಹೊರೆಯಿಲ್ಲ.

ಚರ್ಚೆಯ ರೂಪದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಬಹುಮಾನವಿರುವ ಚರ್ಚಾಸ್ಪರ್ಧೆ ನಿಮ್ಮ ತರಗತಿಗೆ ಬೇಡ. ಅದು ವೇಗವಾಗಿ ಮಾತನಾಡುವವರನ್ನು, ಎದುರಾಳಿಯ ಮಾತನ್ನು ಕತ್ತರಿಸುವವರನ್ನು ಗೆಲ್ಲಿಸುತ್ತದೆ. ಮನಸ್ಸು ಬದಲಿಸಿದವರು ಅಲ್ಲಿ ಸೋತವರು. ಅದರ ಬದಲು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಡೇವಿಡ್ ಜಾನ್ಸನ್ ಮತ್ತು ರೋಜರ್ ಜಾನ್ಸನ್ ಸಹೋದರರು ರೂಪಿಸಿದ ಕ್ರಮವನ್ನು ನೋಡಿ. ನಾಲ್ಕು ಮಂದಿಯ ಗುಂಪು, ಅದರಲ್ಲಿ ಎರಡು ಜೋಡಿ. ಒಂದು ಜೋಡಿ 16ರ ಪರವಾಗಿ ಕಾರಣಗಳನ್ನು ಸಿದ್ಧಪಡಿಸುತ್ತದೆ, ಇನ್ನೊಂದು 18ರ ಪರವಾಗಿ. ಒಬ್ಬರು ಹೇಳುವಾಗ ಇನ್ನೊಬ್ಬರು ಕೇಳಿ, ಕೇಳಿದ್ದನ್ನು ತಿರುಗಿ ಹೇಳಬೇಕು. ಆಮೇಲೆ ಪಕ್ಷಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಕೊನೆಗೆ ಪಕ್ಷಗಳನ್ನು ಬಿಟ್ಟು, ನಾಲ್ವರೂ ಸೇರಿ ಯಾವುದರಲ್ಲಿ ಒಪ್ಪುತ್ತೇವೆ, ಯಾವುದರಲ್ಲಿ ಇಲ್ಲ ಎಂದು ಬರೆಯುತ್ತಾರೆ. ಪ್ರತಿ ಹೆಜ್ಜೆಯೂ ಮೊದಲೇ ಗೊತ್ತಿರುವುದರಿಂದ ಅನಿಶ್ಚಿತತೆ ಕಡಿಮೆ; ಗುಂಪು ಚಿಕ್ಕದಾದ್ದರಿಂದ ಸಂಜ್ಞಾ ಭಾಷೆಯ ವಿದ್ಯಾರ್ಥಿನಿಗೆ ಯಾರು ಮಾತನಾಡುತ್ತಿದ್ದಾರೆ ಎಂಬುದು ಕಾಣುತ್ತದೆ; ಜೋಡಿಯಿರುವುದರಿಂದ ಯಾರೂ ಒಂಟಿಯಾಗಿ ಸಿಕ್ಕಿಹಾಕಿಕೊಳ್ಳುವುದಿಲ್ಲ. ಪಕ್ಷ ಬದಲಿಸುವ ಹೆಜ್ಜೆಯಲ್ಲಿ ಮೇಲೆ ಹೇಳಿದ ‘ವರದಿ’ಯ ಉಪಾಯವನ್ನು ಬಳಸಿ.

ಇಲ್ಲಿ ಸ್ಮೃತಿಯ ಪ್ರಶ್ನೆಯೊಂದಿದೆ, ಅದನ್ನು ಶಿಕ್ಷಕರು ಬೇಗ ಮರೆಯುತ್ತಾರೆ. ಒಂದು ವಾದವನ್ನು ಅನುಸರಿಸಬೇಕಾದರೆ ಮಗು ಎರಡು ಪಕ್ಷಗಳನ್ನು, ಪ್ರತಿಯೊಂದರ ಕಾರಣಗಳನ್ನು, ಯಾರು ಯಾವುದನ್ನು ಹೇಳಿದರು ಎಂಬುದನ್ನು, ತಾನು ಹೇಳಬೇಕಾದುದನ್ನು ಒಂದೇ ಹೊತ್ತಿನಲ್ಲಿ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಡಿಸ್ಲೆಕ್ಸಿಯಾ, ಎಡಿಎಚ್‌ಡಿ, ಬೌದ್ಧಿಕ ಅಸಾಮರ್ಥ್ಯ ಇರುವ ಅನೇಕ ಮಕ್ಕಳಿಗೆ ಕಷ್ಟವಾಗುವುದು ಈ ಹಿಡಿದಿಟ್ಟುಕೊಳ್ಳುವ ಕೆಲಸವೇ ಹೊರತು ತೀರ್ಮಾನ ಮಾಡುವ ಕೆಲಸವಲ್ಲ. ಆ ಹೊರೆಯನ್ನು ತಲೆಯಿಂದ ಇಳಿಸಿ ಗೋಡೆಯ ಮೇಲಿಡಿ. ಬೋರ್ಡ್‌ನ ನಡುವೆ ಗೆರೆ ಎಳೆದು, ಬಂದ ಒಂದೊಂದು ಕಾರಣವನ್ನೂ ಒಂದು ಪದ ಮತ್ತು ಒಂದು ಚಿತ್ರದೊಂದಿಗೆ ಅದರ ಪಕ್ಷದಡಿ ಬರೆಯುತ್ತಾ ಹೋಗಿ. ಪಕ್ಕದಲ್ಲಿ ಮಾತಿನ ಮೊದಲ ತುಂಡುಗಳಿರಲಿ: ‘ನಾನು ಒಪ್ಪುವುದಿಲ್ಲ, ಏಕೆಂದರೆ…’, ‘ಅದು ನಿಜ, ಆದರೂ…’, ‘ಅದು ನಿಮಗೆ ಹೇಗೆ ಗೊತ್ತು?’. ಎಡಿಎಚ್‌ಡಿ ಇರುವ ಹುಡುಗನಿಗೆ ಚರ್ಚೆ ಇಷ್ಟವಾಗುವ ಪಾಠ. ಕೋಣೆಯ ಒಂದು ಗೋಡೆ ‘ಪೂರ್ತಿ ಒಪ್ಪುತ್ತೇನೆ’, ಎದುರಿನದು ‘ಒಪ್ಪುವುದೇ ಇಲ್ಲ’ ಎಂದು ಮಾಡಿ, ನಡುವಿನ ಗೆರೆಯ ಮೇಲೆ ಎಲ್ಲರೂ ನಡೆದು ನಿಲ್ಲುವಂತೆ ಮಾಡಿದರೆ ಅವನ ಚಡಪಡಿಕೆಯೂ ಪಾಠದ ಭಾಗವಾಗುತ್ತದೆ. ಅವನ ಬಾಯಿಂದ ಯೋಚಿಸದೆ ಹೊರಬೀಳುವ ಮಾತಿಗೆ ಮಾತ್ರ ಒಂದು ತಡೆ ಬೇಕು: ಮೊದಲು ಒಂದು ಪದವನ್ನಾದರೂ ಬರೆದುಕೊಂಡು ಆಮೇಲೆ ಕೈ ಎತ್ತುವ ನಿಯಮ, ಅವನೊಬ್ಬನಿಗಲ್ಲ, ಎಲ್ಲರಿಗೂ.

ಕಾಯುವುದನ್ನೂ ಕಲಿಯಬೇಕು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರ ಅಧ್ಯಯನಗಳು 1970ರ ದಶಕದಲ್ಲೇ ತೋರಿಸಿದವು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತನಾಡಿದರು. ಫಲಕದ ಮೇಲೆ ಚಿತ್ರ ಹುಡುಕಿ ಮಾತು ಕಟ್ಟುವ ಹುಡುಗಿಗೆ ಮೂರು ಸೆಕೆಂಡು ಏನೇನೂ ಸಾಲದು. ಅವಳ ಸರದಿಯಲ್ಲಿ ಇಡೀ ತರಗತಿ ಕಾಯಲಿ. ಕಾಯುವುದು ಮುಜುಗರದ ಸಂಗತಿ ಎಂದು ನಮಗೆ ಅನಿಸುತ್ತದೆ, ಮಕ್ಕಳಿಗೆ ಎರಡನೇ ಸಲಕ್ಕೇ ಅದು ಮಾಮೂಲಾಗಿಬಿಡುತ್ತದೆ.

ಅವಳಿಗೆ ಪ್ರಶ್ನೆ ಕೇಳುವ ರೀತಿಯಲ್ಲಿ ಇನ್ನೂ ಒಂದು ಎಚ್ಚರ ಬೇಕು. ಬೌದ್ಧಿಕ ಅಸಾಮರ್ಥ್ಯ ಇರುವವರಲ್ಲಿ ಹಲವರು, ವಿಶೇಷವಾಗಿ ಪ್ರಶ್ನೆ ಅಸ್ಪಷ್ಟವಾಗಿದ್ದಾಗ ಇಲ್ಲವೇ ಕೇಳುವವರು ಅಧಿಕಾರದಲ್ಲಿರುವವರಾದಾಗ, ‘ಹೌದು’ ಎಂದುಬಿಡುವುದು ಚೆನ್ನಾಗಿ ದಾಖಲಾಗಿರುವ ಸಂಗತಿ. ವರ್ಷಗಟ್ಟಲೆ ‘ಹೌದು’ ಎಂದದ್ದಕ್ಕೆ ಶಹಬ್ಬಾಸ್ ಸಿಕ್ಕಿದ ಮಗುವಿನಲ್ಲಿ ಇದು ಆಶ್ಚರ್ಯವೂ ಅಲ್ಲ. ಆದ್ದರಿಂದ ‘16 ಆಗಬೇಕು ಅಲ್ಲವೇ?’ ಎಂದು ಕೇಳಬೇಡಿ. ಎರಡು ಚಿತ್ರಗಳನ್ನು ಮುಂದಿಟ್ಟು ‘ಯಾವುದು?’ ಎಂದು ಕೇಳಿ. ಸ್ವಲ್ಪ ಹೊತ್ತಿನ ನಂತರ ಚಿತ್ರಗಳ ಜಾಗ ಬದಲಿಸಿ, ಪದಗಳನ್ನೂ ಬದಲಿಸಿ ಮತ್ತೊಮ್ಮೆ ಕೇಳಿ. ಎರಡು ಸಲವೂ ಅದೇ ಬಂದರೆ ಅದು ಅವಳ ಅಭಿಪ್ರಾಯವೆಂದು ನಂಬಲು ಆಧಾರವಿದೆ. ಬೇರೆ ಬಂದರೆ ಪ್ರಶ್ನೆ ಅವಳಿಗೆ ಇನ್ನೂ ತಲುಪಿಲ್ಲ, ಅಥವಾ ಅವಳು ಇನ್ನೂ ನಿರ್ಧರಿಸಿಲ್ಲ. ನಿರ್ಧರಿಸದಿರುವುದೂ ಒಂದು ನಿಲುವು. ಮೂರನೆಯ ಚಿತ್ರವೊಂದು ಅದಕ್ಕಾಗಿಯೇ ಇರಲಿ. ಅವಳ ಸಹಾಯಕರು ಅವಳ ಪರವಾಗಿ ಉತ್ತರಿಸದಂತೆ ನೋಡಿಕೊಳ್ಳುವುದು ಇದಕ್ಕಿಂತ ಕಷ್ಟ, ಏಕೆಂದರೆ ಅವರು ಅದನ್ನು ಪ್ರೀತಿಯಿಂದಲೇ ಮಾಡುತ್ತಾರೆ.

ಅಣಕು ಅನುಭವದ ಚಟುವಟಿಕೆಗಳ ಬಗ್ಗೆ ಒಂದು ಮಾತು. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯ ಮರುದಿನ, 1968ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಶಿಕ್ಷಕಿ ಜೇನ್ ಎಲಿಯಟ್ ತಮ್ಮ ಮೂರನೇ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ಮೇಲು, ಇನ್ನೊಂದನ್ನು ಕೀಳು ಎಂದು ನಡೆಸಿಕೊಂಡರು. ಅದು ಪ್ರಸಿದ್ಧವಾಯಿತು, ಅಷ್ಟೇ ಟೀಕೆಗೂ ಒಳಗಾಯಿತು. ನಿಮ್ಮ ತರಗತಿಯಲ್ಲಿ ಅದನ್ನು ಅನುಕರಿಸಬೇಡಿ. ಆಟ ಮತ್ತು ನಿಜದ ಗೆರೆ ಎಲ್ಲ ಮಕ್ಕಳಿಗೂ ಒಂದೇ ವೇಗದಲ್ಲಿ ಕಾಣುವುದಿಲ್ಲ. ದಿನವೂ ಬದಿಗೆ ಸರಿಸಲ್ಪಡುವ ಮಗುವಿಗೆ ಬದಿಗೆ ಸರಿಸಲ್ಪಡುವುದು ಹೇಗಿರುತ್ತದೆ ಎಂದು ಕಲಿಸುವ ಅಗತ್ಯವೂ ಇಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಹತ್ತು ನಿಮಿಷ ತಡಕಾಡಿಸಿ ‘ಕುರುಡುತನ ಹೀಗಿರುತ್ತದೆ’ ಎನ್ನುವ ಚಟುವಟಿಕೆಯೂ ಇದೇ ಜಾತಿಯದು. ಅದು ಕಲಿಸುವುದು ಕನಿಕರವನ್ನು, ಬದುಕುವ ಕೌಶಲವನ್ನಲ್ಲ.

ನೀವು ಕೇಳದ, ಆದರೆ ನನಗೆ ಮುಖ್ಯವೆನಿಸುವ ಒಂದು ಸಂಗತಿಯನ್ನು ಇಲ್ಲಿ ಸೇರಿಸುತ್ತೇನೆ. ಅಂಗವೈಕಲ್ಯದ ಚರಿತ್ರೆಯೇ ಸಮಾಜ ವಿಜ್ಞಾನದ ಅತ್ಯಂತ ಶ್ರೀಮಂತವಾದ ವಿವಾದಗಳಲ್ಲಿ ಒಂದು, ಮತ್ತು ಪಠ್ಯಪುಸ್ತಕಗಳಲ್ಲಿ ಅದಕ್ಕೆ ಜಾಗವೇ ಇಲ್ಲವೆನ್ನಬಹುದು. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನ, ಬಹುಪಾಲು ಕೇಳಬಲ್ಲವರೇ ತುಂಬಿದ್ದ ಆ ಸಭೆ, ಶಾಲೆಗಳಲ್ಲಿ ಸಂಜ್ಞೆಯ ಬದಲು ಬಾಯಿಮಾತಿನ ವಿಧಾನವನ್ನೇ ಅನುಸರಿಸಬೇಕೆಂದು ನಿರ್ಣಯಿಸಿತು. ಅದರ ಪರಿಣಾಮ ತಲೆಮಾರುಗಳವರೆಗೆ ನಡೆಯಿತು. 2010ರಲ್ಲಿ ವ್ಯಾಂಕೂವರ್‌ನಲ್ಲಿ ಅದೇ ಪರಂಪರೆಯ ಸಮ್ಮೇಳನ ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ವ್ಯಕ್ತಪಡಿಸಿತು. ಯಾರ ಬಗ್ಗೆ ನಿರ್ಣಯವೋ ಅವರೇ ಸಭೆಯಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಕಣ್ಣು ಕಾಣದ, ಕಿವಿ ಕೇಳದ ಅಮೆರಿಕದ ಲೇಖಕಿ ಹೆಲೆನ್ ಕೆಲರ್ ಅವರನ್ನೂ ನಾವು ನೀರಿನ ಪಂಪಿನ ಬಳಿ ಮೊದಲ ಪದ ಕಲಿತ ಮಗುವಾಗಿಯೇ ನಿಲ್ಲಿಸಿದ್ದೇವೆ. ಅವರು ಬೆಳೆದು ಸಮಾಜವಾದಿಯಾದರು, ಮಹಿಳೆಯರ ಮತದಾನದ ಹಕ್ಕಿಗಾಗಿ ದನಿಯೆತ್ತಿದರು, 1920ರಲ್ಲಿ ಅಮೆರಿಕದ ನಾಗರಿಕ ಸ್ವಾತಂತ್ರ್ಯ ಸಂಘಟನೆಯ ಸ್ಥಾಪಕರಲ್ಲಿ ಒಬ್ಬರಾದರು. 1915ರಲ್ಲಿ, ತೀವ್ರ ವೈಕಲ್ಯದೊಂದಿಗೆ ಹುಟ್ಟಿದ ಶಿಶುವಿಗೆ ಶಸ್ತ್ರಚಿಕಿತ್ಸೆ ಮಾಡದೆ ಸಾಯಲು ಬಿಟ್ಟ ವೈದ್ಯರನ್ನು ಸಮರ್ಥಿಸಿಯೂ ಬರೆದರು. ಈ ಕೊನೆಯ ಸಂಗತಿ ಎಂಟನೇ ತರಗತಿಗೆ ಭಾರವಾಗಬಹುದು, ಮೇಲಿನ ತರಗತಿಗಳಿಗೆ ಇಟ್ಟುಕೊಳ್ಳಿ. ಆದರೆ ಮೊದಲಿನವನ್ನು ಮುಚ್ಚಿಡಲು ಕಾರಣವಿಲ್ಲ.

ಮತದಾನದ ಪಾಠದ ಎರಡನೇ ಕಂತಾಗಿಯೂ ಇದು ಸಹಜವಾಗಿ ಬರುತ್ತದೆ. ಬೌದ್ಧಿಕ ಅಸಾಮರ್ಥ್ಯದ ಕಾರಣಕ್ಕೆ ಕಾನೂನಿನ ಪ್ರಕಾರ ಬೇರೊಬ್ಬರ ಪಾಲಕತ್ವದಲ್ಲಿರುವವರಿಗೆ ಮತದಾನದ ಹಕ್ಕು ಕೊಡಬಾರದು ಎಂಬ ಕಾನೂನುಗಳು ಅನೇಕ ದೇಶಗಳಲ್ಲಿದ್ದವು, ಕೆಲವೆಡೆ ಇಂದಿಗೂ ಇವೆ. ಸ್ಪೇನ್ 2018ರಲ್ಲಿ ಕಾನೂನು ಬದಲಿಸಿ ಸುಮಾರು 1 ಲಕ್ಷ ಮಂದಿಗೆ ಆ ಹಕ್ಕನ್ನು ಮರಳಿಸಿತು. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2019ರಲ್ಲಿ, ಎಲ್ಲ ವ್ಯವಹಾರಗಳಿಗೂ ಪಾಲಕರನ್ನು ನೇಮಿಸಲಾದವರನ್ನು ಮತದಾನದಿಂದ ಹೊರಗಿಟ್ಟದ್ದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಇದನ್ನು ‘ಕೊಡಬೇಕೇ, ಬೇಡವೇ’ ಎಂಬ ವಾದವಾಗಿ ಮಾಡಬೇಡಿ. ಹಾಗೆ ಮಾಡಿದರೆ ಮೇಲೆ ಹೇಳಿದ ಗೆರೆಯನ್ನು ದಾಟುತ್ತೀರಿ. ‘ಏಕೆ ಇರಲಿಲ್ಲ, ಯಾರು ಹೇಗೆ ಬದಲಿಸಿದರು, ಮತಗಟ್ಟೆಯಲ್ಲಿ ಯಾವ ನೆರವು ಬೇಕಾಗುತ್ತದೆ’ ಎಂದು ಕೇಳಿ. ಇಂಥ ಪಾಠಕ್ಕೆ ಮೊದಲು ಸಂಬಂಧಪಟ್ಟ ವಿದ್ಯಾರ್ಥಿಯೊಂದಿಗೆ ಏಕಾಂತದಲ್ಲಿ ಮಾತನಾಡಿ. ತನ್ನ ಅನುಭವ ಹೇಳಲು ಅವರಿಗೆ ಮನಸ್ಸಿದ್ದರೆ ಹೇಳಲಿ, ಇಲ್ಲದಿದ್ದರೆ ತರಗತಿಯ ಕಣ್ಣು ಅವರತ್ತ ತಿರುಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ. ಮಗು ಮಾದರಿ ವಸ್ತುವಲ್ಲ. ತಮ್ಮನ್ನು ‘ಆಟಿಸಂ ಇರುವವರು’ ಎನ್ನಬೇಕೇ, ‘ಆಟಿಸ್ಟಿಕ್’ ಎನ್ನಬೇಕೇ ಎಂಬುದರಲ್ಲೂ ಅವರವರಲ್ಲೇ ಭಿನ್ನಾಭಿಪ್ರಾಯವಿದೆ. ಕೇಳಿ ತಿಳಿದುಕೊಳ್ಳುವುದು ಉತ್ತಮ.

ನಿಮ್ಮ ಕೊನೆಯ ಪ್ರಶ್ನೆ, ನಿಮ್ಮ ಸ್ವಂತ ಅಭಿಪ್ರಾಯದ್ದು. ಇಂಗ್ಲೆಂಡಿನಲ್ಲಿ 1967ರಲ್ಲಿ ಆರಂಭವಾದ ಪಠ್ಯಕ್ರಮ ಯೋಜನೆಯೊಂದರಲ್ಲಿ ಲಾರೆನ್ಸ್ ಸ್ಟೆನ್‌ಹೌಸ್, ವಿವಾದಾತ್ಮಕ ವಿಷಯಗಳಲ್ಲಿ ಶಿಕ್ಷಕರು ತಟಸ್ಥ ಅಧ್ಯಕ್ಷರಂತೆ ಇರಬೇಕು ಎಂಬ ಕ್ರಮವನ್ನು ಮುಂದಿಟ್ಟರು. ಅದರಲ್ಲಿ ವಿವೇಕವಿದೆ. ಆದರೆ ಮುಖಭಾವ ಓದಿ ಊಹಿಸುವುದು ಕಷ್ಟವಾಗುವ ಮಗುವಿಗೆ ಶಿಕ್ಷಕಿಯ ಮೌನ ಒಂದು ಒಗಟು; ‘ಟೀಚರ್‌ಗೆ ಉತ್ತರ ಗೊತ್ತಿದೆ, ಬಚ್ಚಿಡುತ್ತಿದ್ದಾರೆ’ ಎಂದು ಅದು ಇಡೀ ಪೀರಿಯಡ್ ನಿಮ್ಮ ಹಿಂದೆಯೇ ಬೀಳಬಹುದು. ಎಲ್ಲರನ್ನೂ ಮೆಚ್ಚಿಸಲು ‘ಹೌದು’ ಎನ್ನುವ ಮಗುವಿಗೆ ನಿಮ್ಮ ಅಭಿಪ್ರಾಯ ತಿಳಿದರೆ ಅದೇ ಅದರ ಅಭಿಪ್ರಾಯವಾಗಿಬಿಡುತ್ತದೆ. ಆದ್ದರಿಂದ ಮೌನಕ್ಕಿಂತ ವಿವರಣೆ ಒಳ್ಳೆಯದು: ‘ನನಗೆ ಒಂದು ಅಭಿಪ್ರಾಯವಿದೆ. ಈಗ ಹೇಳಿದರೆ ನೀವು ನನ್ನದನ್ನೇ ಹೇಳುತ್ತೀರಿ. ನಿಮ್ಮದನ್ನು ಕೇಳುವುದು ಈ ಪಾಠದಲ್ಲಿ ನನ್ನ ಕೆಲಸ.’ ಯಾರಾದರೂ ಇನ್ನೊಬ್ಬ ಮಗುವನ್ನು ಹೀಯಾಳಿಸಿದಾಗ ಮಾತ್ರ ತಟಸ್ಥರಾಗಿರಬೇಡಿ; ಆಗ ನಿಮ್ಮ ನಿಲುವು ತಕ್ಷಣ, ಎಲ್ಲರಿಗೂ ಕೇಳುವಂತೆ ಬರಬೇಕು.

ಪೋಷಕರಿಗೆ ಒಂದು ವಾರ ಮುಂಚೆ ವಿಷಯ, ಉದ್ದೇಶ, ಬಳಸುವ ಸಾಮಗ್ರಿ ತಿಳಿಸುವ ಚಿಕ್ಕ ಪತ್ರ ಹೋಗಲಿ. ಮನೆಯಲ್ಲಿ ಸಾವು, ಸ್ಥಳಾಂತರ, ಹಿಂಸೆಯಂಥದ್ದೇನಾದರೂ ನಡೆದಿದ್ದರೆ ಅವರೇ ಎಚ್ಚರಿಸುತ್ತಾರೆ. ಅಂಕ ಕೊಡುವಾಗ ಯಾವ ಪಕ್ಷ ಹಿಡಿದರು ಎಂಬುದಕ್ಕೆ ಅಲ್ಲ, ಒಂದು ಕಾರಣವನ್ನಾದರೂ ಕೊಟ್ಟರೇ, ಎದುರು ಪಕ್ಷದ ಒಂದು ಕಾರಣವನ್ನಾದರೂ ಗುರುತಿಸಿದರೇ ಎಂಬುದಕ್ಕೆ ಕೊಡಿ. ಅದು ಬರಹದಲ್ಲೋ, ಮಾತಿನಲ್ಲೋ, ಸಂಜ್ಞೆಯಲ್ಲೋ, ಎರಡು ಚಿತ್ರಗಳ ಮೇಲಿನ ಬೆರಳಿನಲ್ಲೋ ಬಂದರೆ ಸಾಕು.

ಮೊದಲ ಸಲ ಎಲ್ಲವೂ ನಿರೀಕ್ಷಿಸಿದಂತೆ ನಡೆಯಲಾರದು. ಆರು ಮಂದಿಯನ್ನೂ ಒಂದೇ ದಿನ ಪೂರ್ತಿಯಾಗಿ ಒಳಗೆ ತರಬೇಕೆಂಬ ಹಟವೂ ಬೇಡ. ಈ ವಾರ ಚಿತ್ರಫಲಕಕ್ಕೆ ‘ಒಪ್ಪುವುದಿಲ್ಲ’ ಎಂಬ ಚಿತ್ರವನ್ನು ಅಂಟಿಸಿ. ಅದನ್ನು ಅವಳು ಮೊದಲ ಬಾರಿಗೆ ಬಳಸುವುದು ಮತದಾನದ ವಯಸ್ಸಿನ ವಿಷಯದಲ್ಲಿ ಆಗಿರಲಿಕ್ಕಿಲ್ಲ. ಬಹುಶಃ ನೀವು ಆಟದ ಸಾಮಾನನ್ನು ಎತ್ತಿಡು ಎಂದಾಗ, ನಿಮ್ಮ ಮುಖ ನೋಡುತ್ತಾ, ಬೆರಳನ್ನು ಅದರ ಮೇಲಿಟ್ಟು ಒತ್ತುತ್ತಾಳೆ. ಆಗ ‘ಏಕೆ?’ ಎಂಬ ಚಿತ್ರವನ್ನು ತೋರಿಸಿ, ಕಾಯಿರಿ.